ಹೊಸ್ತಿಲಲ್ಲೇ ತಡೆಯಬೇಕಾದ ಕಸ

ಮನೆಯನ್ನು ಗುಡಿಸಿ ಕಸವನ್ನು ಬೀದಿಗೆ ಹಾಕಿದರೆ ಮನೆ ಶುಚಿಯಾಯಿತೆಂದು ಭಾವಿಸುವುದು ಬಹುಕಾಲದ ರೂಢಿ. ಕಸವೆಂದರೆ ಎಲೆ, ಸಿಪ್ಪೆ, ಬೂದಿಗಳಷ್ಟೇ ಆಗಿದ್ದ ಕಾಲದಲ್ಲಿ ಈ ರೂಢಿಯಿಂದ ದೊಡ್ಡ ಕೇಡು ಆಗುತ್ತಿರಲಿಲ್ಲ. ತಿಪ್ಪೆಯನ್ನು ಸೇರಿದ ಕಸ ಗೊಬ್ಬರವಾಗಿ ಹೊಲಕ್ಕೆ ಮರಳುತ್ತಿತ್ತು. ಇಂದಿನ ಕಸದಲ್ಲಿ ಪ್ಲಾಸ್ಟಿಕ್ ಸೇರಿಕೊಂಡಿದೆ. ಅದು ಕೊಳೆತು ಗೊಬ್ಬರವಾಗುವುದಿಲ್ಲ. ಬಿಸಿಲಿಗೆ ಒಡೆದು ಹುಡಿಯಾಗಿ ಮಣ್ಣಿನಲ್ಲಿಯೂ ನೀರಿನಲ್ಲಿಯೂ ಉಳಿದುಬಿಡುತ್ತದೆ.

ಪ್ಲಾಸ್ಟಿಕ್ಕನ್ನು ಸಂಪೂರ್ಣವಾಗಿ ಹಳಿಯುವುದು ನ್ಯಾಯವಲ್ಲ. ಆಸ್ಪತ್ರೆಯ ಸಿರಿಂಜು, ನೀರಿನ ಕೊಳವೆ, ವಿದ್ಯುತ್ ತಂತಿಯ ಹೊದಿಕೆ ಇವೆಲ್ಲ ಅದರ ಉಪಕಾರಗಳೇ. ಹಲವು ವರ್ಷ ಬಾಳುವ ಕೊಳವೆ ಬೇರೆ, ಕ್ಷಣಮಾತ್ರ ಬಳಕೆಯಾಗಿ ತಲೆತಲಾಂತರ ಉಳಿಯುವ ಪೊಟ್ಟಣ ಬೇರೆ. ಈ ವಿವೇಚನೆ ತಪ್ಪಿದ್ದೇ ಇಂದಿನ ಸಂಕಟಕ್ಕೆ ಮೂಲ.

ಎಸೆದ ಪ್ಲಾಸ್ಟಿಕ್ಕೆಲ್ಲ ಕರಗಿ ಮತ್ತೆ ಹೊಸ ವಸ್ತುವಾಗುತ್ತದೆಂಬ ನಂಬಿಕೆ ಅನೇಕರಲ್ಲಿದೆ. 2017ರಲ್ಲಿ ಪ್ರಕಟವಾದ ಒಂದು ವೈಜ್ಞಾನಿಕ ಅಧ್ಯಯನದ ಪ್ರಕಾರ, 2015ರವರೆಗೆ ಜಗತ್ತಿನಲ್ಲಿ ಸುಮಾರು 630 ಕೋಟಿ ಟನ್ ಪ್ಲಾಸ್ಟಿಕ್ ಕಸವಾಗಿತ್ತು. ಅದರಲ್ಲಿ ಮರುಬಳಕೆಗೆ ಒದಗಿದ್ದು ಶೇಕಡ 9ರಷ್ಟು ಮಾತ್ರ. ಹುರಿದ ತಿಂಡಿಯ ಹೊಳೆಯುವ ಪೊಟ್ಟಣದಲ್ಲಿ ಪ್ಲಾಸ್ಟಿಕ್ ಮತ್ತು ಲೋಹದ ತೆಳು ಪದರಗಳು ಒಂದಕ್ಕೊಂದು ಅಂಟಿಕೊಂಡಿರುತ್ತವೆ. ಅವನ್ನು ಬೇರ್ಪಡಿಸುವುದು ಬಲು ಕಷ್ಟವಾದುದರಿಂದ ಗುಜರಿ ವ್ಯಾಪಾರಿಯೂ ಅವನ್ನು ಕೊಳ್ಳುವುದಿಲ್ಲ.

ಎಸೆದ ಕಸ ಎಲ್ಲಿಗೆ ಹೋಗುತ್ತದೆ? ಬೆಂಗಳೂರಿನ ಕಸವನ್ನು ಬಹುಕಾಲ ಮಾವಳ್ಳಿಪುರ, ಮಂಡೂರುಗಳಂಥ ಹಳ್ಳಿಗಳ ಮಗ್ಗುಲಲ್ಲಿ ಸುರಿಯಲಾಯಿತು. ದುರ್ವಾಸನೆಯನ್ನೂ ಕೆಟ್ಟ ನೀರನ್ನೂ ಸಹಿಸಲಾರದೆ 2014ರಲ್ಲಿ ಮಂಡೂರಿನ ಜನರು ಪ್ರತಿಭಟಿಸಿದರು. ಒಬ್ಬರ ಅಡುಗೆಮನೆಯ ಅನುಕೂಲಕ್ಕೆ ಮತ್ತೊಬ್ಬರ ಬಾವಿ ಬೆಲೆ ತೆರಬೇಕಾಯಿತು. ಗಂಟು ಕಟ್ಟಿ ಎಸೆದ ಅನ್ನದ ಚೀಲವನ್ನು ಬೀದಿಯ ಹಸು ಚೀಲದೊಡನೆಯೇ ನುಂಗುತ್ತದೆ. ಕೊಳೆತದ್ದರ ನಡುವಿನಿಂದ ಪ್ಲಾಸ್ಟಿಕ್ಕನ್ನು ಪೌರಕಾರ್ಮಿಕರು ಕೈಯಿಂದ ಹೆಕ್ಕಬೇಕಾಗುತ್ತದೆ.

ಕಾನೂನು ಸುಮ್ಮನಿಲ್ಲ. 2016ರಲ್ಲಿ ಕರ್ನಾಟಕ ಸರ್ಕಾರವು ಪ್ಲಾಸ್ಟಿಕ್ ಕೈಚೀಲ, ತಟ್ಟೆ, ಲೋಟಗಳನ್ನು ನಿಷೇಧಿಸಿತು. 2022ರ ಜುಲೈ 1ರಿಂದ ಒಮ್ಮೆ ಬಳಸಿ ಎಸೆಯುವ ಹಲವು ವಸ್ತುಗಳು ದೇಶದಾದ್ಯಂತ ನಿಷಿದ್ಧವಾದವು. ಆದರೆ ಕಾರ್ಖಾನೆಯಲ್ಲಿಯೇ ಪದಾರ್ಥ ತುಂಬಿ ಬರುವ ಪೊಟ್ಟಣಗಳು ಈ ನಿಷೇಧಗಳಿಂದ ಹೊರಗುಳಿದವು. ಅವುಗಳ ವಿಷಯದಲ್ಲಿ ನಿರ್ಧಾರ ಮಾಡಬೇಕಾದುದು ಕೊಳ್ಳುವ ಕುಟುಂಬವೇ.

ಕುಟುಂಬವೊಂದು ವಾರದ ಪ್ಲಾಸ್ಟಿಕ್ಕನ್ನು ಎಸೆಯದೆ ಒಂದೆಡೆ ಕೂಡಿಟ್ಟು ನೋಡಿದರೆ ತನ್ನ ರೂಢಿಗಳೆಲ್ಲ ಕಣ್ಣೆದುರು ನಿಲ್ಲುತ್ತವೆ. ದಿನಕ್ಕೆ ಅರ್ಧ ಲೀಟರಿನ ಎರಡು ಹಾಲಿನ ಪೊಟ್ಟಣಗಳೆಂದರೆ ವರ್ಷಕ್ಕೆ 730. ಒಂದು ಲೀಟರಿನ ಪೊಟ್ಟಣವನ್ನೇ ಕೊಂಡರೆ ಆ ಸಂಖ್ಯೆ ಅರ್ಧಕ್ಕೆ ಇಳಿಯುತ್ತದೆ. ಮೂಲೆಯನ್ನು ತುಂಡಾಗಿ ಬೀಳದಂತೆ ಕತ್ತರಿಸಿ, ತೊಳೆದು ಒಣಗಿಸಿಟ್ಟರೆ ಪೊಟ್ಟಣ ಮರುಬಳಕೆಗೆ ಸಲ್ಲುತ್ತದೆ. ಶಾಂಪೂವಿನ ಚಿಕ್ಕ ಚೀಟಿಗಳ ಬದಲು ಸೀಸೆ, ಬೇಳೆಗೆ ಬಟ್ಟೆಯ ಚೀಲ, ಎಣ್ಣೆಗೆ ಮನೆಯ ಡಬ್ಬ, ಸಂತೆಗೆ ಕೈಚೀಲ ಇವೆಲ್ಲ ಹಿಂದಿನವರು ಅರಿತಿದ್ದ ಸರಳೋಪಾಯಗಳೇ. ಹೂವಾಡಗಿತ್ತಿ ಇಂದಿಗೂ ಬಾಳೆಯೆಲೆಯಲ್ಲಿ ಮಲ್ಲಿಗೆಯನ್ನು ಸುತ್ತಿಕೊಡಬಲ್ಲಳು. ಕೊಳ್ಳುವವರು ಅದನ್ನು ಕೇಳಬೇಕಷ್ಟೆ.

ಈ ವ್ರತದ ಭಾರವೆಲ್ಲ ಮನೆಯ ಗೃಹಿಣಿಯ ಮೇಲೆ ಬೀಳಬಾರದು. ಡಬ್ಬ ತೊಳೆಯುವುದು, ಚೀಲ ಒಗೆಯುವುದು, ಕಸ ಬೇರ್ಪಡಿಸುವುದು ಅವಳ ಮುಗಿಯದ ಕೆಲಸಕ್ಕೆ ಮತ್ತಷ್ಟು ಸೇರಿದರೆ ಅದು ಸುಧಾರಣೆಯಲ್ಲ, ಶೋಷಣೆ. ತಂದೆ ಚೀಲ ಹಿಡಿದು ಅಂಗಡಿಗೆ ಹೋಗಲಿ; ಮಕ್ಕಳು ಪೊಟ್ಟಣಗಳನ್ನು ತೊಳೆಯಲಿ. ಹಂಚಿಕೊಂಡ ಕೆಲಸವೇ ರೂಢಿಯಾಗಿ ನಿಲ್ಲುತ್ತದೆ.

ಕಾರ್ಖಾನೆಗಳು ರಾಶಿ ರಾಶಿ ಪೊಟ್ಟಣಗಳನ್ನು ಹೊರತರುತ್ತಿರುವಾಗ ಒಂದು ಮನೆಯ ಪ್ರಯತ್ನದಿಂದೇನು ಎಂಬ ಪ್ರಶ್ನೆ ಏಳುವುದು ಸಹಜ. ಅದು ತಳ್ಳಿಹಾಕತಕ್ಕ ಪ್ರಶ್ನೆಯಲ್ಲ. ಕೇಂದ್ರ ಸರ್ಕಾರದ 2016ರ ಪ್ಲಾಸ್ಟಿಕ್ ತ್ಯಾಜ್ಯ ನಿರ್ವಹಣಾ ನಿಯಮಗಳು ತಯಾರಕರ ಮೇಲೂ ಹೊಣೆ ಹೊರಿಸಿವೆ. ಆ ಹೊಣೆಯನ್ನು ಅವರು ನಿರ್ವಹಿಸಲೇಬೇಕು. ಆದರೆ ತನ್ನ ಮನೆಯ ಕಸವನ್ನೇ ನೋಡದವರು ಇತರರನ್ನು ಪ್ರಶ್ನಿಸಿದರೆ ಆ ಮಾತಿಗೆ ಬಲವಿರುವುದಿಲ್ಲ. ಚೀಲ ಹಿಡಿದು ಬರುವ ಗಿರಾಕಿಗಳು ಹೆಚ್ಚಿದಂತೆ ಬಿಡಿ ಬೇಳೆಯ ಮೂಟೆ ಅಂಗಡಿಗೆ ಮರಳುತ್ತದೆ. ಗಿರಾಕಿ ಬಯಸಿದ್ದನ್ನು ವ್ಯಾಪಾರಿ ತರಿಸುತ್ತಾನೆ; ವ್ಯಾಪಾರಿ ತರಿಸಿದ್ದನ್ನು ತಯಾರಕ ಒದಗಿಸುತ್ತಾನೆ.

ಬುಟ್ಟಿಗೆ ಬಿದ್ದ ಮೇಲೆ ಕಸವನ್ನು ಕುರಿತು ಚಿಂತಿಸುವುದು ತಡವಾದ ಚಿಂತೆ. ವಸ್ತುವನ್ನು ಕೊಳ್ಳುವ ಮುನ್ನವೇ ಅದರ ಹೊದಿಕೆಯ ಗತಿಯೇನೆಂದು ವಿಚಾರಿಸುವುದು ಇಂದಿನ ನಾಗರಿಕನ ಕರ್ತವ್ಯ. ಅಂಗಡಿಗೆ ಹೊರಟ ವಿದ್ಯಾರ್ಥಿಯೊಬ್ಬನು ಗೂಟದಲ್ಲಿ ತೂಗುತ್ತಿರುವ ಬಟ್ಟೆಯ ಚೀಲವನ್ನು ಮರೆಯದೆ ಕೈಗೆತ್ತಿಕೊಂಡರೆ, ಆ ಕರ್ತವ್ಯಕ್ಕೆ ಅವನ ಮನೆಯಲ್ಲಿ ಮೊದಲಾದಂತೆ.