ಹಳದಿ ಅಂದರೆ ಯಾವ ಹಳದಿ?

ಹತ್ತನೇ ತರಗತಿಯ ಬೀಳ್ಕೊಡುಗೆ ಸಮಾರಂಭ ಹತ್ತಿರ ಬಂತೆಂದರೆ ಅಮ್ಮ, ಅತ್ತೆ, ಚಿಕ್ಕಮ್ಮಂದಿರ ಕಪಾಟುಗಳ ಮೇಲೆ ದಾಳಿ ಶುರು. ಹುಡುಗಿಯರಿಗೆ ಅದು ಮೊದಲ ಸೀರೆಯ ದಿನ. ನಮ್ಮಣ್ಣನ ಮಗಳು ಪುಟ್ಟಿಯೂ ಒಂದು ಶನಿವಾರ ಸಂಜೆ ನಮ್ಮ ಮನೆಗೆ ಬಂದು, ‘ಅತ್ತಿ, ನಿಂದೊಂದು ಸೀರಿ ಬೇಕು. ನಾನ ಆರಿಸ್ಕೋತೀನಿ’ ಎಂದಳು.

ನಾನು ಕಪಾಟು ತೆಗೆದುಕೊಟ್ಟು ಚಹಾಕ್ಕಿಡಲು ಹೋದೆ. ತಿರುಗಿ ಬರುವಷ್ಟರಲ್ಲಿ ಅವಳ ಆಯ್ಕೆ ಮುಗಿದಿತ್ತು. ಇಡೀ ಕಪಾಟಿನಲ್ಲಿ ನಾನೇ ಇಷ್ಟಪಡದ ಸೀರೆ ಅದು. ಯಾರೋ ಆಹೇರಿಗೆ ಕೊಟ್ಟ, ಚಹಾದಲ್ಲಿ ಅದ್ದಿದ ಬಿಸ್ಕಿಟ್ಟಿನ ಬಣ್ಣದ್ದು.

‘ಇದ್ಯಾಕ ಪುಟ್ಟಿ? ಅಲ್ಲಿ ಎಷ್ಟ್ ಛಂದ ಛಂದ ಸೀರಿ ಅದಾವು!’

‘ಇದಾದ್ರ ಯಾರೂ ಏನೂ ಅನ್ನಂಗಿಲ್ಲ.’

ನಾನು ಕೆಂಪು ಅಂಚಿನ ಅರಿಶಿನ ಬಣ್ಣದ ರೇಷ್ಮೆ ಸೀರೆ ಎಳೆದು ಅವಳ ಮಡಿಲಿಗೆ ಹಾಕಿದೆ. ಅವಳು ಅದನ್ನೊಮ್ಮೆ ಸವರಿ ಹಾಗೇ ಮಡಿಸಿ ಪಕ್ಕಕ್ಕಿಟ್ಟಳು. ‘ಹಳದಿ ಬ್ಯಾಡ. ನಾ ಹಳದಿ ಹಾಕ್ಕೊಂಡ್ರ ಇನ್ನಷ್ಟ ಕಪ್ಪ ಕಾಣ್ತೀನಿ.’

‘ಯಾರಂದ್ರು ಹಂಗ?’

‘ನೀನ.’

ಚಹಾದ ಕಪ್ಪು ಕೈಯಲ್ಲೇ ಉಳಿಯಿತು. ನನಗೆ ನೆನಪಿರಲಿಲ್ಲ; ಅವಳೇ ನೆನಪಿಸಿದಳು. ಅವಳ ಎಂಟನೇ ಹುಟ್ಟುಹಬ್ಬ. ಅಂಗಡಿಯಲ್ಲಿ ಹಳದಿ ಫ್ರಾಕೊಂದನ್ನು ಅಪ್ಪಿ ಹಿಡಿದಿದ್ದಳಂತೆ. ನಾನು ಅಂಗಡಿಯ ಹುಡುಗನ ಎದುರೇ ಹಾಗೆಂದು, ಫ್ರಾಕನ್ನು ಕೈಯಿಂದ ಬಿಡಿಸಿ, ತಿಳಿ ಗುಲಾಬಿಯದೊಂದು ಕೊಡಿಸಿದ್ದೆನಂತೆ. ಮನೆ ಮುಟ್ಟುವಷ್ಟರಲ್ಲಿ ನಾನು ಮರೆತಿರಬೇಕು. ಅವಳು ಮಾತ್ರ ಏಳು ವರ್ಷ ಹಳದಿ ಬಟ್ಟೆ ಮುಟ್ಟಿಲ್ಲ.

ಆ ರಾತ್ರಿ ನಿದ್ದೆ ಸರಿಯಾಗಿ ಬರಲಿಲ್ಲ. ಆ ಮಾತು ನನ್ನದೂ ಅಲ್ಲ, ನಾನೂ ಯಾರಿಂದಲೋ ಕೇಳಿದ್ದು. ಬೆಳ್ಳಗಿದ್ದವರಿಗೆ ಏನುಟ್ಟರೂ ನಡೆಯುತ್ತದೆ, ಕಪ್ಪಗಿದ್ದವರು ತಿಳಿ ಬಣ್ಣವನ್ನೇ ಉಡಬೇಕು ಎಂಬುದು ನಮ್ಮ ಮನೆಗಳಲ್ಲಿ ಬರೆಯದೇ ನಡೆದುಬಂದ ಕಾನೂನು. ನಮ್ಮ ಭಾಷೆಯಲ್ಲಿ ಮೈಬಣ್ಣಕ್ಕೆ ಎಂಥ ಚೆಂದದ ಹೆಸರುಗಳಿವೆ ನೋಡಿ: ಗೋಧಿ ಬಣ್ಣ, ಎಣ್ಣೆಗೆಂಪು, ಸಾದಗಪ್ಪು. ಹೀಗೆ ಬಿಡಿಸಿ ನೋಡಬಲ್ಲ ಕಣ್ಣು ನಮಗಿದ್ದೂ, ಬಟ್ಟೆಯಂಗಡಿಯಲ್ಲಿ ಮಾತ್ರ ಬಿಳಿ-ಕಪ್ಪು ಎರಡೇ ಎರಡು. 1975ರಲ್ಲಿ ಮಾರುಕಟ್ಟೆಗೆ ಬಂದ ಪ್ರಸಿದ್ಧ ಕ್ರೀಮೊಂದು ತನ್ನ ಹೆಸರಿನಲ್ಲಿದ್ದ ‘ಫೇರ್’ ಎಂಬ ಪದ ಬಿಟ್ಟದ್ದು 2020ರಲ್ಲಿ. ನನ್ನ ಬಾಯಿಂದ ಅದು ಹೋಗಿರಲೇ ಇಲ್ಲ.

ಬರೀ ‘ತಪ್ಪಾಯಿತು’ ಎಂದರೆ ಹುಡುಗಿ ನಂಬುವುದಿಲ್ಲ ಎಂದು ಗೊತ್ತಿತ್ತು. ಸಮಾಧಾನಕ್ಕೆ ಹೇಳುತ್ತಾಳೆ ಅಂದುಕೊಳ್ಳುತ್ತಾಳೆ. ಅವಳೇ ಕಣ್ಣಾರೆ ನೋಡಬೇಕು. ಆಗ ನಮ್ಮವ್ವನ ಪದ್ಧತಿ ನೆನಪಾಯಿತು. ಅವ್ವ ಸೀರೆ ಅಂಗಡಿಯೊಳಗೆ ಎಂದೂ ‘ಹೂಂ’ ಅಂದವಳಲ್ಲ. ಆರಿಸಿದ ನಾಲ್ಕು ಸೀರೆ ಹೆಗಲ ಮೇಲೆ ಹಾಕಿಕೊಂಡು ಹೊಸ್ತಿಲ ತನಕ ಬಂದು, ಹಗಲಿನ ಬೆಳಕಿಗೆ ಹಿಡಿದೇ ನೋಡುತ್ತಿದ್ದಳು. ನಾವು ನಾಚಿಕೆಯಿಂದ ಬೇರೆ ಕಡೆ ಮುಖ ಮಾಡುತ್ತಿದ್ದೆವು. ಈಗ ಅನ್ನಿಸುತ್ತದೆ, ಇಡೀ ಅಂಗಡಿಯಲ್ಲಿ ಶಾಸ್ತ್ರ ಗೊತ್ತಿದ್ದವಳು ಅವಳೊಬ್ಬಳೇ. ಅಂಗಡಿಯ ದೀಪದ ಬೆಳಕಿಗೂ ಹಗಲಿನ ಬೆಳಕಿಗೂ ವ್ಯತ್ಯಾಸವಿದೆ. ಒಳಗೆ ಒಂದೇ ಬಣ್ಣವೆಂದು ಕಂಡ ಸೀರೆ ಮತ್ತು ಬ್ಲೌಸ್ ಪೀಸ್ ಬೀದಿಗೆ ಬಂದೊಡನೆ ಬೇರೆ ಬೇರೆಯಾಗುವುದು ನಮಗೆಲ್ಲ ಆಗಿರುವ ಅನುಭವ. ಎರಡು ಬಟ್ಟೆಗೆ ಹಾಕಿದ ಬಣ್ಣದ ಪುಡಿ ಬೇರೆ ಇದ್ದರೆ, ಒಂದು ಬೆಳಕಿನಲ್ಲಿ ಹೊಂದಿದವು ಇನ್ನೊಂದರಲ್ಲಿ ಹೊಂದದೇ ಹೋಗುತ್ತವೆ. ವಿಜ್ಞಾನಿಗಳು ಇದನ್ನು ಮೆಟಾಮೆರಿಸಂ ಅನ್ನುತ್ತಾರೆ. ಅವ್ವ ‘ಬಿಸಿಲಿಗೆ ಹಿಡದು ನೋಡು’ ಅನ್ನುತ್ತಿದ್ದಳು.

ಮರುದಿನ ಭಾನುವಾರ. ಬೆಳಿಗ್ಗೆ ಒಂಬತ್ತಕ್ಕೆ ಪುಟ್ಟಿಯನ್ನು ಅಜ್ಜಿಯ ಸಮೇತ ಕರೆಸಿದೆ. ಕಿಟಕಿಗೆ ಎದುರಾಗಿ ಕುರ್ಚಿ ಹಾಕಿದೆ. ನೇರ ಬಿಸಿಲು ಬೀಳಬಾರದು, ಬೆಳಕು ಮಾತ್ರ ಧಾರಾಳವಾಗಿರಬೇಕು. ಮನೆಯ ದೀಪಗಳನ್ನೆಲ್ಲ ಆರಿಸಿದೆ. ಪುಟ್ಟಿಗೆ ಬರೀ ಮುಖ ತೊಳೆದು ಬರಲು ಹೇಳಿದೆ. ಪೌಡರ್ ಇಲ್ಲ, ಕಾಜಲ್ ಇಲ್ಲ. ತೊಟ್ಟಿದ್ದ ಬಣ್ಣದ ಚೂಡಿಯ ಮೇಲೆ ಬಿಳಿ ಟವೆಲ್ ಹೊದಿಸಿದೆ. ಕೈಗೊಂದು ಕನ್ನಡಿ ಕೊಟ್ಟೆ. ‘ಸೀರಿ ನೋಡಬ್ಯಾಡ, ನಿನ್ನ ಮಾರಿ ನೋಡು. ಯಾವುದರೊಳಗ ಮಾರಿ ಮೊದಲು ಕಾಣ್ತೈತಿ, ಯಾವುದರೊಳಗ ಸೀರಿ ಮೊದಲು ಕಾಣ್ತೈತಿ, ಅಷ್ಟ ಹೇಳು’ ಎಂದೆ.

ಗದ್ದದ ಕೆಳಗೆ ಒಂದೊಂದೇ ಸೀರೆ ಹಿಡಿಯುತ್ತ ಹೋದೆ. ಮೊದಲು ಅವಳು ಆರಿಸಿದ ಬಿಸ್ಕಿಟ್ ಬಣ್ಣ. ಕನ್ನಡಿ ನೋಡಿ ಪುಟ್ಟಿಯೇ ಮೂಗು ಮುರಿದಳು. ‘ಜ್ವರ ಬಂದು ಎದ್ದಂಗ ಕಾಣ್ತೀನಿ.’ ಕಣ್ಣ ಕೆಳಗಿನ ನೆರಳು ಎದ್ದು ಕಂಡಿತ್ತು. ಅದರ ಹಿಂದೆಯೇ ನವಿಲು ಬಣ್ಣ ಹಿಡಿದೆ. ನೆರಳು ಹಿಂದೆ ಸರಿಯಿತು, ಕಣ್ಣು ಮುಂದೆ ಬಂತು. ಸೀರೆ ಸರಿಸಿದರೆ ಮತ್ತೆ ನೆರಳು. ‘ಇನ್ನೊಮ್ಮೆ ಹಿಡಿ’ ಎಂದಳು. ಮೂರು ಸಲ ಹಿಡಿಸಿಕೊಂಡು ನೋಡಿದಳು.

ಇದರಲ್ಲಿ ಮಾಟವೇನೂ ಇಲ್ಲ. ಗದ್ದದ ಕೆಳಗಿನ ಬಟ್ಟೆ ತನ್ನ ಮೇಲೆ ಬಿದ್ದ ಬೆಳಕಿನ ಒಂದಿಷ್ಟು ಪಾಲನ್ನು ತನ್ನ ಬಣ್ಣ ಬೆರೆಸಿ ಮುಖಕ್ಕೆ ಎಸೆಯುತ್ತದೆ. ಮದುವೆ ಮನೆಯಲ್ಲಿ ಫೋಟೊ ತೆಗೆಯುವವರು ವಧುವಿನ ಪಕ್ಕದಲ್ಲಿ ಬಿಳಿ ಹಲಗೆ ಹಿಡಿಸುವುದು ಇದಕ್ಕೇ. ಎರಡನೆಯದು, ಪಕ್ಕದ ಬಣ್ಣಕ್ಕೆ ತಕ್ಕಂತೆ ನಮ್ಮ ಕಣ್ಣು ಮಾಡುವ ಮೋಸ. ಫ್ರಾನ್ಸಿನ ರಸಾಯನ ವಿಜ್ಞಾನಿ ಶೆವ್ರೋಲ್ 1824ರಲ್ಲಿ ಪ್ಯಾರಿಸ್ಸಿನ ಗೊಬೆಲಾಂ ನೇಯ್ಗೆ ಕಾರ್ಖಾನೆಯ ಬಣ್ಣಗಾರಿಕೆಗೆ ಮುಖ್ಯಸ್ಥನಾದ. ಕಪ್ಪು ನೂಲು ಕಳೆಗುಂದಿದೆ ಎಂಬ ದೂರು ಬಂತು. ಪರೀಕ್ಷಿಸಿದರೆ ನೂಲಿಗೆ ಏನೂ ಆಗಿರಲಿಲ್ಲ. ಪಕ್ಕದಲ್ಲಿ ನೇಯ್ದ ನೀಲಿ, ನೇರಳೆಗಳಿಂದ ಕಪ್ಪು ಹಾಗೆ ಕಾಣುತ್ತಿತ್ತು. ಈ ವಿಷಯದ ಮೇಲೆ 1839ರಲ್ಲಿ ದೊಡ್ಡ ಪುಸ್ತಕವನ್ನೇ ಬರೆದ. ಯಾವ ಬಣ್ಣದ ಉಡುಪು ಯಾವ ಮೈಬಣ್ಣದ ಪಕ್ಕ ಹೇಗೆ ಕಾಣುತ್ತದೆ ಎಂಬ ಚರ್ಚೆಯೂ ಅದರಲ್ಲಿದೆ.

ಮಕ್ಕಳೇ, ಇದನ್ನು ನೀವೂ ಮಾಡಿ ನೋಡಬಹುದು. ಬೂದು ಬಣ್ಣದ ಒಂದೇ ಕಾಗದದಿಂದ ಎರಡು ಚಿಕ್ಕ ಚೌಕ ಕತ್ತರಿಸಿ. ಒಂದನ್ನು ಕಪ್ಪು ಹಾಳೆಯ ನಡುವೆ, ಇನ್ನೊಂದನ್ನು ಬಿಳಿ ಹಾಳೆಯ ನಡುವೆ ಇಡಿ. ಎರಡೂ ಒಂದೇ ಕಾಗದದ್ದೆಂದು ಕತ್ತರಿಸಿದ ನಿಮಗೇ ನಂಬಿಕೆ ಬರುವುದಿಲ್ಲ.

ಈಗ ಗುಲಾಬಿಯ ಸರದಿ. ಹುಟ್ಟುಹಬ್ಬಕ್ಕೆ ನಾನು ಕೊಡಿಸಿದಂಥದ್ದೇ ತಿಳಿ ಗುಲಾಬಿ ಹಿಡಿದೆ. ಮುಖ ಬೂದಿ ಬಳಿದಂತಾಯಿತು. ಅದೇ ಗುಲಾಬಿಯ ಗಾಢ ಅಕ್ಕ ರಾಣಿ ಬಣ್ಣ ಹಿಡಿದಾಗ ಕೆನ್ನೆಗೆ ರಕ್ತ ಬಂತು. ಅಚ್ಚ ಬಿಳಿ ಚೆನ್ನಾಗಿಯೇ ಇತ್ತು, ಆದರೆ ಕೆನೆ ಬಣ್ಣ ಇನ್ನೂ ಮೃದುವಾಗಿ ಕೂತಿತು. ಕಪ್ಪಗಿದ್ದವರಿಗೆ ತಿಳಿ ಬಣ್ಣ ಎಂಬ ನನ್ನ ಕಾನೂನಿನ ಎದುರೇ ಒಂದೊಂದು ಸೀರೆಯೂ ಸಾಕ್ಷಿ ಹೇಳುತ್ತಿತ್ತು.

ಕೊನೆಗೆ ಹಳದಿ. ಬೇಕೆಂದೇ ಎರಡು ಹಳದಿ ಎತ್ತಿಟ್ಟಿದ್ದೆ. ಮೊದಲು ನಿಂಬೆಹಣ್ಣಿನ ಹಳದಿ. ‘ನೋಡು, ನಾ ಹೇಳಿದ್ನಿಲ್ಲ’ ಎಂಬಂತೆ ಪುಟ್ಟಿ ನನ್ನ ಕಡೆ ನೋಡಿದಳು. ನಿಜ, ಅದು ಒಪ್ಪಲಿಲ್ಲ. ಹಸಿರು ಛಾಯೆಯ ತಣ್ಣನೆಯ ಹಳದಿ ಅದು. ಅದನ್ನು ತೆಗೆದು ನಿನ್ನೆಯ ಅರಿಶಿನ ಹಳದಿ ಹಿಡಿದೆ. ಯಾರೂ ಮಾತಾಡಲಿಲ್ಲ. ಅವ್ವ ಕನ್ನಡಕ ಸರಿಮಾಡಿಕೊಂಡಳು. ಪುಟ್ಟಿ ಕನ್ನಡಿಯನ್ನು ಹತ್ತಿರ ತಂದುಕೊಂಡು ಸುಮ್ಮನೆ ಕೂತಳು. ದೀಪ ಹಚ್ಚಿಟ್ಟ ಮುಖ.

ನಾನು ಅಂಗಡಿಯಲ್ಲಿ ‘ಹಳದಿ’ ಎಂದದ್ದೇ ತಪ್ಪು. ಯಾವ ಹಳದಿ ಎಂದು ಕೇಳಬೇಕಿತ್ತು.

ಚರ್ಮದ ಬಣ್ಣ ಒಂದೇ ಪದರದ ಲೇಪವಲ್ಲ. ಕಂದು-ಕಪ್ಪು ಮೆಲನಿನ್, ಕೆಂಪು-ಹಳದಿ ಮೆಲನಿನ್, ಚರ್ಮದಡಿ ಹರಿಯುವ ರಕ್ತದ ಕೆಂಪು ಎಲ್ಲ ಸೇರಿ ಅದು ಆಗುತ್ತದೆ. ಎಷ್ಟು ಕಪ್ಪು, ಎಷ್ಟು ಬಿಳುಪು ಎಂಬುದು ಒಂದು ಲೆಕ್ಕ. ಒಳಗಿನ ಛಾಯೆ ಹಳದಿಯ ಕಡೆಗೋ ನೀಲಿ-ಗುಲಾಬಿಯ ಕಡೆಗೋ ಎಂಬುದು ಇನ್ನೊಂದು. ನಮ್ಮ ಮನೆಗಳಲ್ಲಿ ಮೊದಲನೆಯದನ್ನೇ ನೋಡುತ್ತೇವೆ, ಬಟ್ಟೆ ಆರಿಸಲು ಎರಡನೆಯದೂ ಅಷ್ಟೇ ಬೇಕು. ಒಂದೇ ಮೈಬಣ್ಣದ ಅಕ್ಕ-ತಂಗಿಯರಲ್ಲಿ ಒಬ್ಬಳಿಗೆ ಇಟ್ಟಿಗೆ ಬಣ್ಣವೂ ಇನ್ನೊಬ್ಬಳಿಗೆ ಬದನೆಕಾಯಿ ಬಣ್ಣವೂ ಒಪ್ಪುವುದು ಇದರಿಂದ. ಮಣಿಕಟ್ಟಿನ ನರ ಹಸಿರಾಗಿ ಕಂಡರೆ ಹಳದಿ ಛಾಯೆ, ನೀಲಿಯಾಗಿ ಕಂಡರೆ ಗುಲಾಬಿ ಛಾಯೆ ಎಂದು ಹೇಳುವುದುಂಟು. ಪುಟ್ಟಿಯಂಥ ಸಾದಗಪ್ಪಿನವರಲ್ಲಿ ಆ ನರ ಸ್ಪಷ್ಟವಾಗಿ ಕಾಣುವುದೇ ಇಲ್ಲ. ಅದಕ್ಕಿಂತ ಬಂಗಾರದ ಸರ, ಬೆಳ್ಳಿಯ ಸರ ಎರಡನ್ನೂ ಕೊರಳ ಹತ್ತಿರ ಹಿಡಿದು ನೋಡುವುದು ಮೇಲು. ಬಂಗಾರ ಚರ್ಮದೊಡನೆ ಬೆರೆತರೆ ಅರಿಶಿನ, ಇಟ್ಟಿಗೆ, ಎಲೆ ಹಸಿರಿನ ಕಡೆ ಹೋಗಿ. ಬೆಳ್ಳಿ ಬೆರೆತರೆ ನೇರಳೆ, ರಾಣಿ, ನೀಲಿಯ ಕಡೆ. ಎರಡೂ ಒಪ್ಪುವವರೂ ಬಹಳ ಮಂದಿ ಇದ್ದಾರೆ. ಪುಟ್ಟಿ ಆ ಪೈಕಿ.

ಅಮೆರಿಕದಲ್ಲಿ 1980ರಲ್ಲಿ ಕ್ಯಾರೊಲ್ ಜಾಕ್ಸನ್ ಅವರ ‘ಕಲರ್ ಮಿ ಬ್ಯೂಟಿಫುಲ್’ ಎಂಬ ಪುಸ್ತಕ ಬಂದು ಮನೆಮಾತಾಯಿತು. ಮನುಷ್ಯರನ್ನು ವಸಂತ, ಬೇಸಿಗೆ, ಶರತ್ಕಾಲ, ಚಳಿಗಾಲ ಎಂದು ನಾಲ್ಕು ಋತುಗಳಾಗಿ ಹಂಚಿ, ಋತುವಿಗಿಷ್ಟು ಬಣ್ಣ ಎಂದು ಹೇಳುವ ಪುಸ್ತಕ. ಕೂದಲಲ್ಲೇ ಹತ್ತು ಬಣ್ಣವಿರುವ ಊರಿಗೆ ಆ ವಿಂಗಡಣೆ ಸರಿ. ಕಪ್ಪು ಕೂದಲು, ಕಪ್ಪು ಕಣ್ಣಿನ ನಾವು ಹೆಚ್ಚಿನವರು ಒಟ್ಟಾಗಿ ಚಳಿಗಾಲದ ಪಾಲಿಗೇ ಹೋಗುತ್ತೇವೆ. ನಮಗೆ ಕಿಟಕಿಯೇ ಸಾಕು.

ನನಗೆ ಹೆಚ್ಚು ಹಿಡಿಸಿದ್ದು ಸ್ವಿಟ್ಜರ್ಲೆಂಡಿನ ಚಿತ್ರಕಲಾ ಮೇಷ್ಟ್ರು ಯೊಹಾನೆಸ್ ಇಟ್ಟೆನ್ 1961ರ ತಮ್ಮ ಪುಸ್ತಕದಲ್ಲಿ ಹೇಳಿದ ಸಂಗತಿ. ವಿದ್ಯಾರ್ಥಿಗಳಿಗೆ ತಮಗೆ ಹಿತವೆನಿಸಿದ ಬಣ್ಣಗಳನ್ನು ಜೋಡಿಸಲು ಹೇಳಿದಾಗ, ಒಬ್ಬೊಬ್ಬರೂ ಬೇರೆ ಬೇರೆ ಜೋಡಿಸಿದರಂತೆ. ಅನೇಕರ ಆಯ್ಕೆ ಅವರವರ ಕೂದಲು, ಕಣ್ಣು, ಚರ್ಮದ ಬಣ್ಣಕ್ಕೆ ಹೊಂದಿಕೊಂಡಿತ್ತಂತೆ. ಅದನ್ನು ಓದಿದಾಗ ನನಗೆ ಹಳದಿ ಫ್ರಾಕನ್ನು ಅಪ್ಪಿ ಹಿಡಿದ ಎಂಟು ವರ್ಷದ ಹುಡುಗಿ ಕಂಡಳು.

ಕೊನೆಯಲ್ಲಿ ಮೂರು ಸೀರೆ ಉಳಿದವು: ನವಿಲು ಬಣ್ಣದ್ದು, ಅರಿಶಿನದ್ದು, ಅವ್ವ ತನ್ನ ಚೀಲದಿಂದ ಮೆಲ್ಲಗೆ ಹೊರತೆಗೆದ ದಾಳಿಂಬೆ ಬಣ್ಣದ ಇಳಕಲ್ ಸೀರೆ. ಕೆಂಪು ರೇಷ್ಮೆಯ ಸೆರಗಿನ ಆ ಹಳೆಯ ಸೀರೆ ಪುಟ್ಟಿಯ ಮುಖದ ಕೆಳಗೆ ಎಲ್ಲಕ್ಕಿಂತ ಚೆನ್ನಾಗಿ ಕೂತಿತು. ಅವ್ವನ ವೋಟು ಅದಕ್ಕೇ, ನನ್ನದೂ ಅದಕ್ಕೇ. ಪುಟ್ಟಿ ಮೂರನ್ನೂ ತಿರುಗಿಸಿ ಮುರುಗಿಸಿ ನೋಡಿ ಅರಿಶಿನದ್ದನ್ನು ಎತ್ತಿಕೊಂಡಳು. ‘ಇಳಕಲ್ಲ ಇನ್ನೂ...’ ಎಂದು ಬಾಯಿ ತೆರೆದವಳು ನಾನು ಅಲ್ಲಿಗೇ ನಿಲ್ಲಿಸಿದೆ. ಕಿಟಕಿ, ಕನ್ನಡಿ, ಇಟ್ಟೆನ್ ಸಾಹೇಬರು ಎಲ್ಲ ಆರಿಸಲಿಕ್ಕೆ ನೆರವು. ಉಡುವವಳು ಅವಳು.

ಅವಳು ಸೀರೆ ಮಡಿಸುತ್ತಿದ್ದಾಗ ಹೇಳಿದೆ: ‘ಅವತ್ತ ಅಂಗಡ್ಯಾಗ ನಾ ಅಂದದ್ದು ತಪ್ಪಾತು ಪುಟ್ಟಿ.’

‘ಹೋಗ್ಲಿ ಬಿಡತ್ತಿ’ ಎಂದಳು, ಮಡಿಕೆಯಿಂದ ಕಣ್ಣೆತ್ತದೆ. ಒಂದು ಗಳಿಗೆ ಬಿಟ್ಟು, ‘ಆ ಫ್ರಾಕು ನಿಂಬಿಹಣ್ಣಿನ ಹಳದಿ ಇತ್ತೋ ಅರಿಷಿಣದ್ದೋ, ನನಗೂ ನೆನಪಿಲ್ಲ’ ಎಂದಳು. ಅವ್ವನಿಗೆ ನಗು ಬಂತು. ನನಗೆ ಪೂರ್ತಿ ಬರಲಿಲ್ಲ.

ರಜೆಯ ಒಂದು ಬೆಳಿಗ್ಗೆ ನೀವೂ ಮನೆಮಂದಿಯೆಲ್ಲ ಕೂತು ಇದನ್ನು ಮಾಡಿ ನೋಡಿ. ಹೊಸ ಬಟ್ಟೆ ಬೇಡ. ಸೀರೆ, ದುಪಟ್ಟಾ, ಲುಂಗಿ, ದಿಂಬಿನ ಚೀಲ ಏನಾದರೂ ನಡೆಯುತ್ತದೆ. ಗಂಡುಮಕ್ಕಳನ್ನೂ ಅಪ್ಪಂದಿರನ್ನೂ ಕುರ್ಚಿಯಲ್ಲಿ ಕೂರಿಸಿ. ವರ್ಷಗಟ್ಟಲೆ ಬೂದು ಅಂಗಿಯಲ್ಲಿ ಕಳೆದವರ ಮುಖ ನೀಲಿಯಲ್ಲಿ ಅರಳುವುದನ್ನು ನೋಡಬಹುದು. ಒಪ್ಪದ ಬಣ್ಣ ಇಷ್ಟವೆಂದು ಯಾರಾದರೂ ಹಟ ಹಿಡಿದರೆ ಅದಕ್ಕೂ ದಾರಿ ಇದೆ. ಅದನ್ನು ಮುಖದಿಂದ ದೂರ, ಲಂಗಕ್ಕೋ ಪ್ಯಾಂಟಿಗೋ ಸೀರೆಯ ಅಂಚಿಗೋ ಕಳಿಸಿ. ಅಂಗಡಿಯಲ್ಲಿ ಹೊಸ್ತಿಲ ತನಕ ಬರಲು ನಾಚಬೇಡಿ. ಮಕ್ಕಳ ಎದುರು ‘ಈ ಬಣ್ಣ ನಿನಗೆ ಒಪ್ಪುವುದಿಲ್ಲ’ ಅನ್ನುವ ಮೊದಲು ಅದರ ಇನ್ನೆರಡು ಛಾಯೆ ಹಿಡಿದು ನೋಡಿ. ‘ಕಪ್ಪು ಕಾಣುತ್ತಿ’ ಎಂಬ ಮಾತನ್ನಂತೂ ಅಂಗಡಿಗೆ ಒಯ್ಯಲೇಬೇಡಿ.

ಸಮಾರಂಭ ಮುಗಿದು ಮೂರು ವಾರವಾಯಿತು. ಅರಿಶಿನ ಸೀರೆ ಇನ್ನೂ ವಾಪಸು ಬಂದಿಲ್ಲ. ನಾನೂ ಕೇಳಿಲ್ಲ.