ಕೊಳಲು ಯಾಕೆ ಕೇಳಿಸಲಿಲ್ಲ?

ಹೋದ ವರ್ಷ ರಾಜ್ಯೋತ್ಸವಕ್ಕೆ ನಾವೇ ಹಾಡಿ, ನಾವೇ ರೆಕಾರ್ಡ್ ಮಾಡಿದ ಹಾಡು ಕೇಳಿದ್ದೀರಲ್ಲ? ಅದರಲ್ಲಿ ಕೊಳಲು ಇರಬೇಕಿತ್ತು. ಫಸ್ಟ್ ಇಯರ್ ಹುಡುಗನೊಬ್ಬ ಹಾಸ್ಟೆಲ್ ರೂಮಲ್ಲಿ ಫ್ಯಾನ್ ಆಫ್ ಮಾಡಿ, ಬೆವರು ಸುರಿಸಿಕೊಂಡು, ಎರಡು ರಾತ್ರಿ ಕೂತು ನುಡಿಸಿದ್ದ. ಅಕ್ಟೋಬರ್ 31ರ ರಾತ್ರಿ ಎಲ್ಲರ ಫೈಲನ್ನೂ ಒಂದೇ ಲ್ಯಾಪ್‌ಟಾಪಿಗೆ ತಂದು ಕೂಡಿಸೋಕೆ ಕೂತಾಗ ಅವನ ಕೊಳಲು ತಾಳಕ್ಕೆ ಕೂರಲೇ ಇಲ್ಲ. ಬೆಳಗಿನ ಜಾವ ಮೂರಕ್ಕೆ ಆ ಟ್ರ್ಯಾಕನ್ನೇ ಮ್ಯೂಟ್ ಮಾಡಿದ್ವಿ. ಬೆಳಿಗ್ಗೆ ಹೇಳಿದಾಗ ‘ಪರವಾಗಿಲ್ಲ ಬಿಡಿ ಅಣ್ಣ’ ಅಂದ. ಆಮೇಲೆ ಕ್ಲಬ್ ಕಡೆ ಅವನು ಬಂದಿದ್ದೇ ಕಮ್ಮಿ.

ತಪ್ಪು ಅವನದ್ದಲ್ಲ, ಸಾಫ್ಟ್‌ವೇರಿನದ್ದೂ ಅಲ್ಲ, ನಮ್ಮದು. ಬೇರೆ ಬೇರೆ ಪ್ರಾಜೆಕ್ಟುಗಳನ್ನ ಕೂಡಿಸೋದು ಹೇಗೆ ಅನ್ನೋದನ್ನ ಹಾಡೋಕೆ ಮುಂಚೆ ಮಾತಾಡಿಕೊಳ್ಳಬೇಕಿತ್ತು. ನಾವು ಕೊನೇ ರಾತ್ರಿ ಮಾತಾಡಿದ್ವಿ.

ನಮ್ಮ ಮೆಟ್ರೋನೋಮ್ 90ರಲ್ಲಿತ್ತು, ಅವನು 92 ಇಟ್ಟುಕೊಂಡಿದ್ದ. ಎರಡರ ವ್ಯತ್ಯಾಸ ತಾನೇ ಅನ್ಸುತ್ತೆ. ಲೆಕ್ಕ ಹಾಕಿ: 90ರಲ್ಲಿ ನಾಲ್ಕು ನಿಮಿಷಕ್ಕೆ 360 ಬೀಟ್. ಅದೇ 360 ಬೀಟ್ 92ರಲ್ಲಿ ಸುಮಾರು 235 ಸೆಕೆಂಡಿಗೇ ಮುಗಿಯುತ್ತೆ. ಕೊನೇ ಚರಣದ ಹೊತ್ತಿಗೆ ಕೊಳಲು ಐದು ಸೆಕೆಂಡ್ ಮುಂದೆ ಓಡಿತ್ತು. ಆಡಾಸಿಟಿಯಲ್ಲಿ ಚೇಂಜ್ ಟೆಂಪೋ ಇದೆ, ಶ್ರುತಿ ಕೆಡದಂತೆ ಎಳೆದು ಸರಿ ಮಾಡಬಹುದಿತ್ತು. ಆದರೆ ಅದು 92 ಅಂತ ನಮಗೆ ಗೊತ್ತಾಗಿದ್ದೇ ಮುಂದಿನ ವಾರ!

ಇನ್ನೊಬ್ಬ ಗೆಳೆಯ ಪ್ರಾಜೆಕ್ಟ್ ಫೈಲನ್ನೇ ಕಳಿಸಿದ್ದ. ತೆರೆದರೆ ಸದ್ದೇ ಇಲ್ಲ. 2021ರಲ್ಲಿ ಬಂದ ಆಡಾಸಿಟಿ 3.0ರಿಂದ ಎಲ್ಲ ಒಂದೇ ಫೈಲಲ್ಲಿ ಇರುತ್ತೆ. ಅದಕ್ಕಿಂತ ಹಳೇ ವರ್ಷನ್‌ಗಳಲ್ಲಿ ಆಡಿಯೋ ಪಕ್ಕದ ಡೇಟಾ ಫೋಲ್ಡರಿನಲ್ಲಿರುತ್ತೆ, ಅದನ್ನ ಅವನು ಕಳಿಸಿರಲಿಲ್ಲ. ರೀಪರ್ ಪ್ರಾಜೆಕ್ಟ್ ಫೈಲಲ್ಲೂ ಅಷ್ಟೇ, ಆಡಿಯೋ ಎಲ್ಲಿದೆ ಅನ್ನೋ ವಿಳಾಸ ಮಾತ್ರ. ಅದಕ್ಕೇ ನಮ್ಮ ವಾದ: ಪ್ರಾಜೆಕ್ಟ್ ಫೈಲ್ ಕಳಿಸಲೇಬೇಡಿ. ಪ್ರತಿ ಟ್ರ್ಯಾಕನ್ನೂ ಸೊನ್ನೆ ಸೆಕೆಂಡಿನಿಂದ ಶುರುವಾಗೋ ಹಾಗೆ 48,000 ಹರ್ಟ್ಸ್, 24 ಬಿಟ್ ವೇವ್ ಫೈಲ್ ಮಾಡಿ ಕಳಿಸಿ. ಮುಂದೆ ಖಾಲಿ ಜಾಗ ಇದ್ದರೂ ಕತ್ತರಿಸಬೇಡಿ. ಎಂಪಿ3 ಬೇಡ, ಅದು ಶುರುವಿನಲ್ಲಿ ತಾನಾಗಿಯೇ ಒಂಚೂರು ಮೌನ ಸೇರಿಸುತ್ತೆ. ಇನ್ನು ವಾಟ್ಸಾಪ್ ವಾಯ್ಸ್ ನೋಟ್ ಅಂತೂ ದೇವರಿಗೇ ಪ್ರೀತಿ.

ನಮ್ಮಲ್ಲೇ ಕೆಲವರದು ತಕರಾರು: ಭಾವಗೀತೆಗೆ ಮೆಟ್ರೋನೋಮ್ ಕಟ್ಟಿದರೆ ಜೀವ ಹೋಗುತ್ತೆ ಅಂತ. ಒಪ್ತೀವಿ. ಹಾಗಿದ್ದರೆ ತಬಲಾ, ಹಾರ್ಮೋನಿಯಂನವರು ಒಟ್ಟಿಗೆ ಕೂತು ಮೊದಲು ಒಂದು ಗೈಡ್ ಟ್ರ್ಯಾಕ್ ಮಾಡಲಿ. ಅವರು ಎಲ್ಲಿ ನಿಧಾನಿಸ್ತಾರೋ ಅಲ್ಲಿ ಎಲ್ಲರೂ ನಿಧಾನಿಸ್ತಾರೆ. ಉಳಿದವರು ಇಯರ್‌ಫೋನಲ್ಲಿ ಅದನ್ನೇ ಕೇಳುತ್ತ ಹಾಡಲಿ. ಗೈಡಿನ ಶುರುವಿಗೆ ನಾಲ್ಕು ಚಪ್ಪಾಳೆ ಇರಲಿ. ಮೊಬೈಲಲ್ಲಿ ರೆಕಾರ್ಡ್ ಮಾಡೋರು ಅದರ ಜೊತೆ ತಾವೂ ಚಪ್ಪಾಳೆ ಹೊಡೀಲಿ. ವೇವ್‌ಫಾರ್ಮಲ್ಲಿ ಅದು ಮೊಳೆ ಥರ ಎದ್ದು ಕಾಣುತ್ತೆ, ಒಂದರ ಕೆಳಗೊಂದು ಹೊಂದಿಸೋದು ಅರ್ಧ ನಿಮಿಷದ ಕೆಲಸ. ಎರಡು ಮಷೀನುಗಳ ಕ್ಲಾಕ್ ಒಂದೇ ವೇಗದಲ್ಲಿ ಓಡಲ್ಲ ಅಂತ ಇಸಿ ಬ್ರಾಂಚಿನವರು ಎದ್ದು ನಿಲ್ತಾರೆ, ಗೊತ್ತು. 50 ಪಿಪಿಎಂ ವ್ಯತ್ಯಾಸ ಇದ್ದರೂ ನಾಲ್ಕು ನಿಮಿಷಕ್ಕೆ 12 ಮಿಲಿಸೆಕೆಂಡ್. ಕೂತ್ಕೊಳ್ಳಿ ಸ್ವಾಮಿ.

ಫ್ಯಾನ್ ಮಾತ್ರ ಆಫ್ ಇರಲಿ. ಒಂದು ರೂಮಿನ ಗುಂಯ್ ಅನ್ನೋ ಸದ್ದು ಗೊತ್ತಾಗಲ್ಲ, ಅಂಥದ್ದೇ ನಾಲ್ಕು ರೂಮಿನದ್ದು ಕೂಡಿದರೆ 6 ಡೆಸಿಬೆಲ್ ಏರುತ್ತೆ.

ಈ ಸಲದ ಗೈಡ್ ಟ್ರ್ಯಾಕ್ ಮೊದಲು ಹೋಗೋದು ಆ ಕೊಳಲಿನ ಹುಡುಗನ ರೂಮಿಗೆ. ಕೇಳಿದ್ದೀವಿ. ಇನ್ನೂ ಹೂಂ ಅಂದಿಲ್ಲ.