ಬಿಡದ ಕೆಮ್ಮು ಮತ್ತು ಗಿಟಾರಿನ ಡಬ್ಬ

ಹತ್ತೊಂಬತ್ತು ವರ್ಷದ ಆ ಹುಡುಗನನ್ನು ಅವನ ತಾಯಿ ನನ್ನ ಬಳಿ ಕರೆತಂದದ್ದು ಕೆಮ್ಮಿಗೆಂದು. ರಾತ್ರಿ ಹನ್ನೊಂದು ದಾಟಿದರೆ ಕೆಮ್ಮು, ಎದೆಯಲ್ಲಿ ಸಿಳ್ಳೆ ಹಾಕಿದಂಥ ಸದ್ದು. ಕೇಳಬೇಕಾದ್ದನ್ನೆಲ್ಲ ಕೇಳಿದೆ ಎಂದೇ ನಾನು ಭಾವಿಸಿದ್ದೆ. ಮನೆಯಲ್ಲಿ ಯಾರಿಗಾದರೂ ಉಬ್ಬಸ ಇದೆಯೇ, ಸಿಗರೇಟಿನ ಅಭ್ಯಾಸ ಉಂಟೇ, ನಾಯಿ ಬೆಕ್ಕು ಸಾಕಿದ್ದೀರಾ? ಎಲ್ಲಕ್ಕೂ ‘ಇಲ್ಲ’ ಎಂಬ ಉತ್ತರ. ಬೆಂಗಳೂರಿನ ಧೂಳಿನ ಮೇಲೆ ತಪ್ಪು ಹೊರಿಸಿ ಔಷಧಿ ಬರೆದುಕೊಟ್ಟೆ. ಮೂರು ತಿಂಗಳು ಹೀಗೇ ಕಳೆಯಿತು. ದಸರಾ ರಜೆಯಲ್ಲಿ ಹಾಸನದ ಕಡೆ ಅಜ್ಜಿಯ ಮನೆಗೆ ಹೋದಾಗ ಮಾತ್ರ ಕೆಮ್ಮು ಪೂರ್ತಿ ನಿಂತಿತ್ತಂತೆ. ‘ಹಳ್ಳಿಯ ಗಾಳಿ’ ಎಂದು ತಾಯಿ ಹೇಳಿದರು. ನಾನೂ ತಲೆಯಾಡಿಸಿದೆ.

ನಾಲ್ಕನೆಯ ಸಲ ಬಂದಾಗ ನಾಡಿ ನೋಡುತ್ತಿದ್ದೆ. ತೋರುಬೆರಳಿನ ಮೇಲೆ ಸುಟ್ಟ ಕಲೆ ಕಣ್ಣಿಗೆ ಬಿತ್ತು. ‘ಏನಪ್ಪಾ ಇದು?’ ಎಂದೆ. ‘ಸಾಲ್ಡರಿಂಗ್ ಐರನ್ ತಾಗಿತು ಸಾರ್. ಮನೇಲಿ ಪೆಡಲ್ ಮಾಡ್ತೀನಿ’ ಎಂದ. ಸೈಕಲ್ ರಿಪೇರಿಗೆ ಸಾಲ್ಡರಿಂಗ್ ಯಾಕೆ ಎಂದು ನನಗೆ ಆಶ್ಚರ್ಯ. ಅವನು ನಕ್ಕುಬಿಟ್ಟ.

ಓದುಗರಲ್ಲೂ ನನ್ನಂಥವರು ಇರಬಹುದು, ಆದ್ದರಿಂದ ಹೇಳಿಬಿಡುತ್ತೇನೆ. ಇದು ವಿದ್ಯುತ್ ಗಿಟಾರಿಗೂ ಅದರ ಆಂಪ್ಲಿಫೈಯರಿಗೂ ನಡುವೆ ಇಡುವ ಪುಟ್ಟ ಅಲ್ಯೂಮಿನಿಯಂ ಡಬ್ಬ. ಕಾಲಿನಿಂದ ಒತ್ತಿದರೆ ಗಿಟಾರಿನ ನಾದ ಬದಲಾಗುತ್ತದೆ, ಒಡೆದ ದನಿಯಾಗುತ್ತದೆ, ಪ್ರತಿಧ್ವನಿಸುತ್ತದೆ. ‘ಫಜ್’ ಎಂಬ ಒಡಕು ನಾದ ಜನರ ಕಿವಿಗೆ ಬಿದ್ದದ್ದೇ ಒಂದು ದೋಷದಿಂದ. 1961ರಲ್ಲಿ ಅಮೆರಿಕದ ಗಾಯಕ ಮಾರ್ಟಿ ರಾಬಿನ್ಸ್ ಅವರ ಒಂದು ಹಾಡಿನಲ್ಲಿ, ಕೆಟ್ಟಿದ್ದ ಧ್ವನಿಮುದ್ರಣ ಯಂತ್ರದಿಂದ ಗಿಟಾರಿನ ದನಿ ಒಡೆದು ಬಂತು. ಅದನ್ನು ತೆಗೆಯದೆ ಹಾಗೇ ಬಿಟ್ಟರು. ಮರುವರ್ಷವೇ ಆ ಒಡಕನ್ನು ಬೇಕೆಂದೇ ಹುಟ್ಟಿಸುವ ಪೆಟ್ಟಿಗೆ ಮಾರುಕಟ್ಟೆಗೆ ಬಂತು. ಎರಡು ಟ್ರಾನ್ಸಿಸ್ಟರು, ಬೆರಳೆಣಿಕೆಯ ರೆಸಿಸ್ಟರು ಮತ್ತು ಕೆಪಾಸಿಟರು, 9 ವೋಲ್ಟಿನ ಒಂದು ಬ್ಯಾಟರಿ ಇದ್ದರೆ ಇಂಥದನ್ನು ಮನೆಯಲ್ಲೇ ಮಾಡಬಹುದು. ನಮ್ಮ ಹುಡುಗ ಎಸ್.ಪಿ. ರಸ್ತೆಯ ಅಂಗಡಿಗಳಲ್ಲಿ ಬಿಡಿಭಾಗ ಕೊಂಡು ತಂದು, ರಾತ್ರಿ ಊಟವಾದ ಮೇಲೆ ತನ್ನ ಕೋಣೆಯ ಬಾಗಿಲು ಕಿಟಕಿ ಮುಚ್ಚಿ ಕೂರುತ್ತಿದ್ದ. ಹೊಗೆಯ ವಾಸನೆ ಅಮ್ಮನಿಗೆ ಬರಬಾರದಲ್ಲ!

ಆ ಹೊಗೆಯೇ ಅಪರಾಧಿ. ಬಹಳ ಜನ ಅದನ್ನು ಸೀಸದ ಹೊಗೆ ಎಂದು ತಿಳಿಯುತ್ತಾರೆ. ಅದು ಹಾಗಲ್ಲ. ಸೀಸ ಆವಿಯಾಗಿ ಏಳಬೇಕಾದರೆ ಸಾಲ್ಡರಿಂಗ್ ಐರನ್ನಿನ 350 ಡಿಗ್ರಿಗಿಂತ ಬಹಳ ಹೆಚ್ಚಿನ ಶಾಖ ಬೇಕು. ಬಿಳಿಯಾಗಿ ಮೇಲೇಳುವುದು ಬೆಸುಗೆ ತಂತಿಯ ಹೊಟ್ಟೆಯೊಳಗೆ ತುಂಬಿರುವ ರಾಳದ ಹೊಗೆ. ಪೈನ್ ಮರದ ಅಂಟಿನಿಂದ ತೆಗೆದ ರಾಳ ಅದು. ಕಾರ್ಖಾನೆಯ ಕಾರ್ಮಿಕರಿಗೆ ಇದರಿಂದ ಉಬ್ಬಸ ಬರುತ್ತದೆಂಬುದು ವೈದ್ಯರಿಗೆ ಹಳೆಯ ವಿಷಯ. ಹೊಗೆ ಕುಡಿದ ಕೂಡಲೇ ಬಾರದೆ ಕೆಲವು ಗಂಟೆ ಬಿಟ್ಟು ಕಾಣಿಸಿಕೊಳ್ಳುವುದೂ ಉಂಟು. ರಜೆಯಲ್ಲಿ ಕಡಿಮೆಯಾಗುತ್ತದೆ, ಕೆಲಸಕ್ಕೆ ಮರಳಿದರೆ ಮರುಕಳಿಸುತ್ತದೆ. ಹಾಸನದ ಗಾಳಿಗೆ ನಾನು ಕೊಟ್ಟ ಪ್ರಶಸ್ತಿಯನ್ನು ಹಿಂದಕ್ಕೆ ಪಡೆಯಬೇಕಾಯಿತು. ಅಲ್ಲಿಗೆ ಅವನು ಐರನ್ ಒಯ್ದಿರಲಿಲ್ಲ, ಅಷ್ಟೇ.

ಉಸಿರಿನ ರಭಸ ಅಳೆಯುವ ಪೀಕ್ ಫ್ಲೋ ಮೀಟರ್ ಕೊಟ್ಟು, ದಿನಕ್ಕೆ ನಾಲ್ಕು ಬಾರಿ ಊದಿ ಬರೆದಿಡಲು ಹೇಳಿದೆ. ಬೆಸುಗೆ ಹಾಕಿದ ರಾತ್ರಿಗಳಲ್ಲಿ ಅಂಕಿ ಕುಸಿದಿತ್ತು, ಉಳಿದ ದಿನ ಸರಿಯಾಗಿತ್ತು. ಎದೆರೋಗ ತಜ್ಞರೂ ಅದನ್ನೇ ಹೇಳಿದರು. ‘ಹಾಗಾದ್ರೆ ಆ ಡಬ್ಬಗಳನ್ನೆಲ್ಲ ಗುಜರಿಗೆ ಹಾಕಿಬಿಡ್ತೀನಿ ಡಾಕ್ಟ್ರೇ’ ಎಂದರು ತಾಯಿ. ಹುಡುಗ ತಲೆ ತಗ್ಗಿಸಿ ಕುಳಿತಿದ್ದ.

ಈ ಮಾತನ್ನು ನಾನು ಒಪ್ಪಲಿಲ್ಲ. ಹವ್ಯಾಸವನ್ನು ನಿಷೇಧಿಸುವುದು ನಮಗೆ ವೈದ್ಯರಿಗೂ ತಂದೆತಾಯಿಯರಿಗೂ ಬಹಳ ಸುಲಭ. ನಿಷೇಧಿಸಿದರೆ ಹುಡುಗ ಇನ್ನೊಂದು ಬಾಗಿಲು ಮುಚ್ಚಿಕೊಂಡು ಅದನ್ನೇ ಮಾಡುತ್ತಾನೆ, ಕೆಮ್ಮಿದರೂ ಹೇಳುವುದಿಲ್ಲ. ಮೊದಲೇ ಬಾಗಿಲು ತೆರೆದಿದ್ದರೆ ಈ ಮೂರು ತಿಂಗಳು ಉಳಿಯುತ್ತಿತ್ತು. ನಾನಾದರೂ ‘ಸಂಜೆ ಏನು ಮಾಡ್ತೀಯಪ್ಪಾ’ ಎಂದು ಕೇಳಬಹುದಿತ್ತು.

ಆದರೆ ಅವನಿಗೆ ಕಹಿ ಸತ್ಯವನ್ನೂ ಹೇಳಬೇಕಿತ್ತು. ಶ್ವಾಸನಾಳ ಒಮ್ಮೆ ಈ ಹೊಗೆಗೆ ಮುನಿಸಿಕೊಂಡರೆ ಆಮೇಲೆ ಚೂರು ಹೊಗೆಯೂ ಸಾಕು. ಮುಖಕ್ಕೆ ಕರವಸ್ತ್ರ ಕಟ್ಟಿದರೆ ತಡೆಯದು. ಸೀಸವಿಲ್ಲದ ಬೆಸುಗೆ ತಂತಿಯಲ್ಲೂ ಸಾಮಾನ್ಯವಾಗಿ ರಾಳ ಇದ್ದೇ ಇರುತ್ತದೆ. ಆದ್ದರಿಂದ ಅವನು ಬೆಸುಗೆ ಬಿಡಬೇಕು, ಪೆಡಲ್ ಬಿಡಬೇಕಿಲ್ಲ. ಸರ್ಕ್ಯೂಟನ್ನು ಬ್ರೆಡ್‌ಬೋರ್ಡ್ ಎಂಬ ತೂತುಗಳ ಹಲಗೆಯ ಮೇಲೆ ಬೆಸುಗೆಯಿಲ್ಲದೆ ಜೋಡಿಸಿ ಪರೀಕ್ಷಿಸಬಹುದು. ಕೊನೆಯ ಬೆಸುಗೆಯನ್ನು ಗೆಳೆಯನೊಬ್ಬ ತನ್ನ ಮನೆಯಲ್ಲಿ ಹಾಕಿಕೊಡಲಿ ಎಂದೆವು.

ಇನ್ನು ಕೆಮ್ಮಿಲ್ಲದ ನಿಮ್ಮ ಮಕ್ಕಳ ಮಾತು. ಕಿಟಕಿ ತೆರೆದಿರಲಿ. ಪುಟ್ಟ ಫ್ಯಾನು ಹೊಗೆಯನ್ನು ಮುಖದ ಕಡೆ ತಳ್ಳದೆ ಹೊರಗೆ ಎಳೆಯುವಂತಿರಲಿ. ಬಗ್ಗಿ ನೋಡುವ ಚಟ ಬೇಡ. ಸೀಸ ಹೊಗೆಯಲ್ಲಿಲ್ಲ ಎಂದೆ, ಆದರೆ ಬೆರಳಿನಲ್ಲಿದೆ. ಅದೇ ಕೈಯಲ್ಲಿ ಕಡಲೆಕಾಯಿ ತಿಂದರೆ ಹೊಟ್ಟೆಗೆ ಹೋಗುತ್ತದೆ. ಕೈಯನ್ನು ಸೋಪು ಹಾಕಿ ತೊಳೆಯಬೇಕು, ಊಟದ ಮೇಜಿನ ಮೇಲೆ ಈ ಕೆಲಸ ಕೂಡದು. ಮನೆಯಲ್ಲಿ ಮಗುವೋ ಬಸುರಿಯೋ ಇದ್ದರೆ ಇನ್ನೂ ಎಚ್ಚರ, ಏಕೆಂದರೆ ರಕ್ತದಲ್ಲಿ ಇಷ್ಟು ಸೀಸ ಇದ್ದರೆ ಅಪಾಯವಿಲ್ಲ ಎಂಬ ಮಿತಿಯೇ ಇಲ್ಲ. ತಾಮ್ರದ ಹಲಗೆ ಕೊರೆಯುವ ಫೆರಿಕ್ ಕ್ಲೋರೈಡ್ ದ್ರಾವಣವನ್ನು ದಯವಿಟ್ಟು ತಂಪು ಪಾನೀಯದ ಬಾಟಲಿಯಲ್ಲಿಡಬೇಡಿ. ಬಣ್ಣವೂ ಕೋಲಾದಂತೆಯೇ ಇರುತ್ತದೆ. ಬಾಯಾರಿದ ಮಗು ಲೇಬಲ್ ಓದುವುದಿಲ್ಲ. ಬೆರಳು ಸುಟ್ಟರೆ 20 ನಿಮಿಷ ನಲ್ಲಿಯ ನೀರಿನಡಿ ಹಿಡಿಯಿರಿ. ಟೂತ್‌ಪೇಸ್ಟನ್ನು ಹಲ್ಲಿಗೇ ಬಿಡಿ. 9 ವೋಲ್ಟಿನ ಬ್ಯಾಟರಿಯಿಂದ ಶಾಕ್ ಹೊಡೆಯದು. ಆದರೆ ಪೆಡಲ್ ಕಲಿತ ಉತ್ಸಾಹದಲ್ಲಿ ವಾಲ್ವ್ ಆಂಪ್ಲಿಫೈಯರ್ ಬಿಚ್ಚಲು ಹೋಗಬಾರದು. ಪ್ಲಗ್ ಕಿತ್ತ ಮೇಲೂ ಅದರೊಳಗೆ ಕೊಲ್ಲುವಷ್ಟು ವಿದ್ಯುತ್ ಉಳಿದಿರಬಹುದು.

ಕಿವಿಯ ವಿಷಯ ಯಾರೂ ನನ್ನನ್ನು ಕೇಳುವುದಿಲ್ಲ. 85 ಡೆಸಿಬಲ್ ಸದ್ದನ್ನು ದಿನಕ್ಕೆ 8 ಗಂಟೆ ತಾಳಬಹುದೆಂದು ಲೆಕ್ಕ. ಅದು 3 ಡೆಸಿಬಲ್ ಏರಿದಂತೆಲ್ಲ ಅವಧಿ ಅರ್ಧಕ್ಕಿಳಿಯುತ್ತದೆ. 100 ಡೆಸಿಬಲ್ಲಿಗೆ ಬಂದರೆ ಕಾಲು ಗಂಟೆ. ಹೊಸ ಡಬ್ಬ ಮೊದಲ ಸಲ ಜೋಡಿಸಿದಾಗ ಕಿರ್ರೆಂದು ಕಿರುಚುವುದು ಸಾಮಾನ್ಯ. ಆ ಹೊತ್ತಿಗೆ ಹೆಡ್‌ಫೋನ್ ಕಿವಿಯಲ್ಲಿರಬಾರದು, ಆಂಪ್ಲಿಫೈಯರಿನ ವಾಲ್ಯೂಮ್ ಸೊನ್ನೆಯಲ್ಲಿರಬೇಕು. ಬಾರಿಸಿ ಎದ್ದ ಮೇಲೆ ಕಿವಿಯಲ್ಲಿ ‘ಗುಂಯ್’ ಎನ್ನುತ್ತಿದ್ದರೆ ಅಂದಿನ ಸದ್ದು ಅತಿಯಾಯಿತೆಂದೇ ಅರ್ಥ. ಒಳಗಿವಿಯ ಕೂದಲುಕೋಶಗಳು ಸತ್ತರೆ ಮತ್ತೆ ಚಿಗುರುವುದಿಲ್ಲ. ಅದಕ್ಕೆ ನನ್ನ ಬಳಿಯಾಗಲಿ ಮತ್ತಾರ ಬಳಿಯಾಗಲಿ ಗುಳಿಗೆಯಿಲ್ಲ.

ಕಳೆದ ವಾರ ಹುಡುಗ ಒಬ್ಬನೇ ಬಂದಿದ್ದ. ಕೆಮ್ಮಿಲ್ಲ. ಚೀಲದಿಂದ ಹಸಿರು ಬಣ್ಣದ ಡಬ್ಬ ತೆಗೆದು ಮೇಜಿನ ಮೇಲಿಟ್ಟ. ಒಳಗಿನ ಬೆಸುಗೆ ಗೆಳೆಯನದಂತೆ. ಅದು ತನ್ನ ಕೈಯಷ್ಟು ನಾಜೂಕಿಲ್ಲ ಎಂದು ಅವನಿಗಿನ್ನೂ ಕೊರಗು.